ಹರಿಯಲೆಂದೇ ಹಾಕುವ ಗಂಟು

“ಹರಕೊಳ್ಳಲಿ ಅಂತ ಯಾರರೆ ಗಂಟ ಹಾಕತಾರೇನ ಬೇ? ಈ ಮಾತ ಹೊರಗ ಆಡಬ್ಯಾಡ. ಬನಹಟ್ಟಿ ಮಂದಿ ಕಲ್ಲ ಒಗೀತಾರ.”

ಅನಸವ್ವ ಹೀಗೆ ಛೇಡಿಸುವಾಗ ಹೊರಗೆ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಕರೆಂಟು ಬಂದದ್ದೇ ತಡ, ನೇಕಾರರ ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಲೇ ಖಟಪಟ ಹಚ್ಚಿವೆ. ಆ ಗದ್ದಲದ ನಡುವೆ ಒಂದು ತಗಡಿನ ಶೆಡ್ಡು ಮಾತ್ರ ತಣ್ಣಗಿದೆ. ಒಳಗೆ ಟ್ಯೂಬ್‌ಲೈಟಿನಡಿ ಸಾತವ್ವ ನಿಂತಿದ್ದಾರೆ. ಸುತ್ತಿಟ್ಟ ಕಂಬಳಿಯಷ್ಟು ದಪ್ಪಗಿನ ಒಂದು ಕ್ಯಾನ್ವಾಸ್ ಚೀಲ ಅವರ ಮುಂದಿದೆ. ಅದರ ಬಾಯಿಗೆ ಬಿಳಿ ನೂಲು ಪೋಣಿಸಿ, ಎಳೆದು, ಗಂಟು ಹಾಕಿ, ತುದಿ ಕತ್ತರಿಸುತ್ತಾರೆ. ಮತ್ತೆ ಮುಂದಿನ ತೂತು.

“ಕುರಿ ಈಯೂದ ನೋಡೀಯೇನ ನೀ?” ಸಾತವ್ವ ತಲೆ ಎತ್ತದೆ ಕೇಳುತ್ತಾರೆ.

“ಇಲ್ಲವ್ವಾ. ನಾವು ನೂಲಿನ್ಯಾಗ ಹುಟ್ಟಿ ನೂಲಿನ್ಯಾಗ ಸಾಯೂ ಮಂದಿ.”

“ಮರಿ ನೆಲಕ್ಕ ಬೀಳೂವಾಗ ಹೊಕ್ಕಳಬಳ್ಳಿ ತಾನ ಹರಕೋಬೇಕ. ಮೊದಲ ಹರದರ ಮರಿ ಹೋಗತೈತಿ. ಹರೀಲೇ ಇಲ್ಲಂದ್ರ ಮರಿನೂ ಹೋಗತೈತಿ, ತಾಯಿನೂ ಹೋಗತೈತಿ. ಇದೂ ಹಂಗ.”

ಅನಸವ್ವ ಬಾಯಿಗೆ ಸೆರಗು ಹಿಡಿದು ನಗುತ್ತಾರೆ. “ದೊಡ್ಡ ಕುರುಬತಿ ಆದಿ ನೋಡ. ವಿಮಾನದ ಬಾಣಂತನಾ ಮಾಡಾಕತ್ತಿ!”

ನಗೆಮಾತಾದರೂ ಸುಳ್ಳಲ್ಲ. ಈ ಚೀಲದೊಳಗೆ ಮಡಚಿ ಕೂತಿರುವುದು ಒಂದು ಪ್ಯಾರಾಚೂಟು. ಶೆಡ್ಡಿನ ಹೆಂಗಸರ ಬಾಯಲ್ಲಿ ಅದು ಛತ್ರಿ. ವಿಮಾನದಿಂದಲೋ ಹೆಲಿಕಾಪ್ಟರಿನಿಂದಲೋ ಸಮುದ್ರಕ್ಕೆ ಕೆಡವುವ ಹಗುರ ಟಾರ್ಪಿಡೊದ ಬಾಲಕ್ಕೆ ಇದನ್ನು ಕಟ್ಟುತ್ತಾರೆ. ನೀರೊಳಗೆ ಅಡಗಿ ಬರುವ ಶತ್ರುವಿನ ಜಲಾಂತರ್ಗಾಮಿಯನ್ನು ಸದ್ದಿನ ಜಾಡು ಹಿಡಿದು ಬೆನ್ನಟ್ಟುವ ಆಯುಧ ಅದು. ಹಗುರ ಅನ್ನುವುದು ಹೆಸರಿಗಷ್ಟೇ. ತೂಗಿದರೆ ಎರಡು ಕ್ವಿಂಟಲ್ ದಾಟುತ್ತದೆ. ಅಷ್ಟು ಭಾರ ಆಕಾಶದಿಂದ ಬರಿಮೈಯಲ್ಲಿ ನೀರಿಗೆ ಬಿದ್ದರೆ ಕಲ್ಲಿಗೆ ಬಿದ್ದ ಗಡಿಗೆಯಂತೆ ಒಡೆಯುತ್ತದೆ. ಅದಕ್ಕೇ ಛತ್ರಿ. ಟಾರ್ಪಿಡೊ ವಿಮಾನ ಬಿಟ್ಟ ಕೂಡಲೇ ಒಂದು ಪಟ್ಟಿ ಚೀಲದ ಬಾಯಿಯನ್ನು ಜಗ್ಗುತ್ತದೆ, ಸಾತವ್ವ ಕಟ್ಟಿದ ಬಿಳಿ ನೂಲು ಹರಿಯುತ್ತದೆ, ಛತ್ರಿ ಬಿಚ್ಚಿಕೊಳ್ಳುತ್ತದೆ. ನೂಲು ತುಸು ಮೊದಲೇ ಹರಿದರೆ ಛತ್ರಿ ವಿಮಾನಕ್ಕೇ ಸುತ್ತಿಕೊಂಡೀತು. ತಡವಾಗಿ ಹರಿದರೆ ಟಾರ್ಪಿಡೊ ಹೋಯಿತು. ಹೆಂಗಸರು ಆ ನೂಲಿಗೆ ‘ಸಾಯೂ ದಾರ’ ಅಂತ ಹೆಸರಿಟ್ಟಿದ್ದಾರೆ. ತನ್ನ ಹೊತ್ತು ಬಂದಾಗ ಸಾಯುವುದೇ ಅದರ ಕೆಲಸ.

ಇವತ್ತು ಮಧ್ಯಾಹ್ನ ತಪಾಸಣೆಯ ಸಾಹೇಬರು ಬರುತ್ತಾರೆ. ಮೇಜಿನ ಆ ತುದಿಗೆ ಸಾಲಾಗಿ ಜೋಡಿಸಿಟ್ಟ ಚೀಲಗಳಲ್ಲಿ ಕೆಲವನ್ನು ಆರಿಸಿ ಯಂತ್ರಕ್ಕೆ ಸಿಕ್ಕಿಸಿ ಎಳೆಯುತ್ತಾರೆ. ಪಾಸಾದರೆ ಇನ್ನೆರಡು ವರ್ಷದ ಕೆಲಸ ಈ ಶೆಡ್ಡಿಗೆ. ಇಲ್ಲದಿದ್ದರೆ ಬಾಗಿಲು ಹಾಕುವುದೇ. ಅದು ಶೆಡ್ಡಿನ ಎಲ್ಲರಿಗೂ ಗೊತ್ತು. ಆದ್ದರಿಂದಲೇ ಯಾರೂ ಅದರ ಮಾತೆತ್ತುವುದಿಲ್ಲ.

ಕೊನೆಯ ಚೀಲದ ಕೊನೆಯ ಗಂಟಿಗೆ ಬಂದಾಗ ಸಾತವ್ವನ ಕೈ ಒಂದು ಗಳಿಗೆ ನಿಲ್ಲುತ್ತದೆ. ದಾರವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಉಜ್ಜುತ್ತಾರೆ. ಏನೋ ಬಿರುಸು, ಈ ಉಂಡೆ ಶುರುವಾದಾಗಿನಿಂದಲೂ ಹೀಗೇ ಅನಿಸುತ್ತಿದೆ. ಇನ್ನೊಂದು ಕೈಯಿಂದ ಉಜ್ಜುತ್ತಾರೆ. ಎಷ್ಟೋ ವರ್ಷ ನೈಲಾನ್ ಹಗ್ಗ ಜಗ್ಗಿ ಜಗ್ಗಿ ಬೆರಳ ತುದಿ ಸವೆದು ನುಣ್ಣಗಾಗಿದೆ. ಈಚೆಗೆ ಚಳಿಗಾಲದಲ್ಲಿ ಜೋಮು ಬೇರೆ. ಬೆರಳೇ ಕೆಟ್ಟಿದ್ದಾವು ಅಂತ ಮನಸ್ಸಿನಲ್ಲೇ ಅಂದುಕೊಂಡು, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ಕಣ್ಣಾಡಿಸಿ, ಗಂಟು ಬಿಗಿಯುತ್ತಾರೆ.

ಸಾತವ್ವ ಹುಟ್ಟಿದ್ದು, ಕೊಟ್ಟದ್ದು ಎರಡೂ ಬೀಳಗಿ ತಾಲೂಕಿನ ಹೊಳೆದಂಡೆಯ ಹಳ್ಳಿಗಳಲ್ಲಿ. ಕುರುಬರ ದೇವರು ಬೀರಪ್ಪನ ಒಕ್ಕಲು. ಗಂಡ ಸಿದರಾಯನಿಗೆ ಕುರಿ ಹಿಂಡು. ಅತ್ತೆಗೆ ಉಣ್ಣೆ ನೂಲುವ ಕೈ. ಹಳ್ಳ ಕೊಳ್ಳ ಸುತ್ತುತ್ತ, ಕೈಯಲ್ಲಿ ಕದರು ತಿರುವುತ್ತಲೇ ಇದ್ದ ಆ ಅತ್ತೆಯೇ ಸೊಸೆಗೂ ನೂಲುವುದು ಕಲಿಸಿದ್ದು. ಆಣೆಕಟ್ಟಿನ ನೀರು ಏರುತ್ತ ಬಂದಾಗ ಮೊದಲು ಹೋದದ್ದು ಮನೆಯಲ್ಲ. ದಂಡೆಯ ಹುಲ್ಲುಗಾವಲು. “ಮನಿ ಮುಳಗೂದಕ್ಕಿಂತ ಮೊದಲ ಕುರಿ ಉಪವಾಸ ಬಿದ್ವು” ಅನ್ನುತ್ತಾರೆ ಸಾತವ್ವ. “ಬೀರಪ್ಪನ್ನ ಹೆಗಲ ಮ್ಯಾಲ ಹೊತಗೊಂಡ ಬಂದಿವಿ. ಕುರೀನ ಎಲ್ಲಿಗೆ ಹೊರೂದು? ಮುಧೋಳ ಸಂತ್ಯಾಗ ಬಿಟ್ಟ ಬಂದ ದಿನಾ ಇವರು ಒಲಿ ಮುಂದ ಕುಂತು, ನಾಯಿ ಕರದಂಗ ಕರೀತಿದ್ರು, ಹೆಸರ ಹಿಡದ, ಒಂದೊಂದ ಕುರೀನ.”

ಹಿಂಡು ಹೋದ ಮೇಲೆ ಸಿದರಾಯ ಮುಧೋಳ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಗೇಟು ಕಾಯಲು ಸೇರಿದ. ಸಾತವ್ವ ಬನಹಟ್ಟಿಯಲ್ಲಿ ಕಂಡಕಿ ಸುತ್ತಲು ಬಂದರು. ಲಾಳಿಯೊಳಗೆ ಕೂರಿಸುವ ಸಣ್ಣ ಕಡ್ಡಿಗಳಿಗೆ ನೂಲು ಸುತ್ತುವ ಕೆಲಸ ಅದು. ದಿನವಿಡೀ ಕೂತು ಸುತ್ತಬೇಕು, ಎಳೆ ಹರಿದರೆ ಜೋಡಿಸಬೇಕು, ಎಷ್ಟು ಸುತ್ತಿದರೂ ಅದು ಯಾರ ಲೆಕ್ಕಕ್ಕೂ ಬಾರದ ಕೆಲಸ.

ಅಷ್ಟೊತ್ತಿಗೆ ಈ ಶೆಡ್ಡಿನ ಮಾಲೀಕ ಗಂಗಾರಾಮ ನೌಕಾದಳದ ಚಾಕರಿ ಮುಗಿಸಿ ಊರಿಗೆ ಬಂದಿದ್ದರು. ತೊಂಬತ್ತೇಳನೆಯ ಇಸವಿಯ ಮಾತು. ರಬಕವಿಯ ಹಳೆಯ ಮನೆತನ ಅವರದು. ಹಡಗಿನ ಮೇಲೆ ಅವರು ಪ್ಯಾರಾಚೂಟು ಮಡಚುವ ವಿಭಾಗದಲ್ಲಿ ಇದ್ದವರು. ಕಡಲತೀರದ ಊರೊಂದರ ಪ್ರಯೋಗಾಲಯದಲ್ಲಿ ಆಗ ಈ ಹಗುರ ಟಾರ್ಪಿಡೊ ಇನ್ನೂ ಅಂಬೆಗಾಲಿಡುತ್ತಿತ್ತು. ಪ್ರಯೋಗಕ್ಕೆ ಕೆಡವಲು ಆಗಾಗ ನಾಲ್ಕಾರು ಛತ್ರಿ ಬೇಕಾಗುತ್ತಿದ್ದವು. “ದೊಡ್ಡ ಫ್ಯಾಕ್ಟರಿಯವರಿಗೆ ಸಾವಿರ ಅಂದ್ರ ಚಹಾ ತರಸ್ತಾರ, ನಾಕ ಅಂದ್ರ ಫೋನ್ ಇಡ್ತಾರ” ಎಂದು ಗಂಗಾರಾಮ ಮೀಸೆಯಡಿ ನಗುತ್ತಾರೆ. “ಅಲ್ಲಿ ನಮ್ಮ ಗುರ್ತಿನ ಒಬ್ಬ ಸಾಹೇಬ್ರ ಇದ್ರು. ನಿಮ್ಮೂರಾಗ ನೂಲಿನ ಕೈ ಅದಾವಲ್ಲ, ಮಾಡಿ ಕೊಡ್ತೀಯೇನ ಅಂದ್ರು. ಹೂಂ ಅಂದೆ. ನೂಲಿನ ಕೈ ಅಂದ್ರ ಏನಂತ ಆಮ್ಯಾಲ ಗೊತ್ತಾತು.”

ಏನು ಗೊತ್ತಾಯಿತು ಅಂದರೆ, ಕೆಲಸ ಕೇಳಿ ಬಂದ ನೇಕಾರ ಹೆಂಗಸರ ಕೈಗೆ ಅವರು ಒಂದು ಎಳೆ ಕೊಟ್ಟು ‘ಇದನ್ನ ಹರೀರಿ’ ಅನ್ನುತ್ತಿದ್ದರಂತೆ. ಒಬ್ಬರೂ ಹರಿಯಲೊಲ್ಲರು. ಒಬ್ಬಾಕೆ ಎಳೆಯನ್ನು ಕಣ್ಣಿಗೊತ್ತಿಕೊಂಡು ವಾಪಸು ಕೊಟ್ಟಳು. ಇನ್ನೊಬ್ಬಾಕೆ ಹರಿದಳು, ಹರಿದ ಕೈಯಲ್ಲೇ ತಟ್ಟನೆ ಎರಡೂ ತುದಿ ಹೊಸೆದು ಜೋಡಿಸಿಯೂಬಿಟ್ಟಳು! ಬೆರಳಿಗೆ ಅದೇ ಪಾಠ. ಮಗ್ಗದ ಮನೆಯಲ್ಲಿ ಎಳೆ ಹರಿಯುವುದೆಂದರೆ ಬಂದ ಲಕ್ಷ್ಮಿ ಹೊಸ್ತಿಲು ದಾಟಿ ಹೊರಟಂತೆ. ಸಾಲಿನ ಕೊನೆಗೆ ನಿಂತಿದ್ದ ಕುರುಬರ ಹೆಣ್ಣುಮಗಳು ಮಾತ್ರ ಎಳೆಯನ್ನು ಟಕ್ಕನೆ ಹರಿದು, “ಮತ್ತೊಂದ ಕೊಡ್ರಿ, ಹರೀತೇನಿ” ಅಂದಳು. ಗಂಗಾರಾಮರಿಗೆ ಆಳು ಸಿಕ್ಕಳು.

ಮೊದಲ ವರ್ಷಗಳೆಲ್ಲ ಕೆಡುವುದರಲ್ಲೇ ಹೋದವು. ಕಳಿಸಿದ ಛತ್ರಿ ಆಕಾಶದಲ್ಲಿ ಸೀಳುತ್ತಿತ್ತು, ಹಗ್ಗ ಸಿಕ್ಕುಬೀಳುತ್ತಿತ್ತು, ಒಮ್ಮೆ ಬಿಚ್ಚಿಕೊಳ್ಳಲೇ ಇಲ್ಲ. ಹೆಕ್ಕಿ ತೆಗೆದ ಹರಕು ಬಟ್ಟೆ ಚೀಲದಲ್ಲಿ ವಾಪಸು ಬರುತ್ತಿತ್ತು, ಎಲ್ಲಿ ಹರಿದಿದೆ ನೋಡಿ ತಿದ್ದಲಿಕ್ಕೆ. ಮೊದಲ ಸಲ ಬಂದಾಗ ಸಾತವ್ವ ಆ ಬಟ್ಟೆಯನ್ನು ಬಿಡಿಸಿದರೆ ಹಪ್ಪಳದಂತೆ ಸೆಟೆದಿತ್ತು, ಮೇಲೆಲ್ಲ ಬಿಳಿ ಪುಡಿ. ನಾಲಿಗೆಗೆ ಹಚ್ಚಿ ನೋಡಿದರು. “ನಾ ಸಮುದ್ರಾ ನೋಡಿಲ್ಲರಿ. ಸಮುದ್ರ ಅಂದ್ರ ನನಗ ಉಪ್ಪ ಹತ್ತಿದ ಅರಿವಿ” ಅನ್ನುತ್ತಾರೆ. ಇನ್ನೊಂದು ಮಾತು ಮೆಲ್ಲಗೆ ಸೇರಿಸುತ್ತಾರೆ. “ಒಂದ ಛತ್ರಿ ಬಿಚ್ಚೂದರೆ ನೋಡಬೇಕಾಗಿತ್ತ. ನಾ ಮಡಚಿದ್ದಷ್ಟ ನೋಡೀನಿ.”

ಛತ್ರಿ ಅನ್ನುವ ಹೆಸರು ಶೆಡ್ಡಿಗೆ ಬಹಳ ಕಾಟ ಕೊಟ್ಟಿದೆ. ಮಳೆಗಾಲ ಬಂತೆಂದರೆ ಎದುರಿನ ಚಹಾ ಅಂಗಡಿಯ ಕಾಮಣ್ಣ ಮುರಿದ ಕೊಡೆ ಹಿಡಿದು ಬರುತ್ತಾನೆ. “ಸರಕಾರದ ಛತ್ರಿ ಹೊಲೀತೀರಿ, ಬಡವರದೊಂದ ಕಡ್ಡಿ ಹಾಕಿ ಕೊಡಾಕ ಏನ ಧಾಡಿ?” ಅಂತ ಜಗಳ. ಮನೆಯಲ್ಲಿ ಸಿದರಾಯನದು ಇನ್ನೊಂದು ಬಗೆ. ಆಕಾಶದಲ್ಲಿ ವಿಮಾನದ ಸದ್ದಾದರೆ ಸಾಕು, “ಏ, ನಿನ್ನ ಬೀಗರು ಬಂದ್ರು ನೋಡ, ಚಹಾಕ್ಕ ಇಡು” ಅನ್ನುತ್ತಾನೆ. ಸಾತವ್ವ ದೇಶದ ಕೆಲಸ ಮಾಡುತ್ತಾರೆಂದು ಓಣಿಯಲ್ಲಿ ಯಾರೂ ನಂಬಿದವರಿಲ್ಲ. ನಂಬಿಸಲು ಅವರೂ ಹೋದವರಲ್ಲ.

ಕೆಲಸದ ಅಳತೆ ಹೇಳಿದರೆ ಕೇಳಿದವರು ನಗಬೇಕು. ಇಬ್ಬರು ಸೇರಿ ದಿನಕ್ಕೆ ಒಂದು ಛತ್ರಿ ಮಡಚಿ ಕಟ್ಟಿದರೆ ಅದೇ ದೊಡ್ಡದು. ಹಗ್ಗಗಳನ್ನು ಒಂದರ ಪಕ್ಕ ಒಂದು ಮಲಗಿಸಬೇಕು, ಬಟ್ಟೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಕೆಯ ಮೇಲೆ ಮಡಿಕೆ ಇಡಬೇಕು, ಒಂದು ಸುಕ್ಕು ಕಂಡರೂ ಬಿಚ್ಚಿ ಮೊದಲಿನಿಂದ. ಬೇಸಿಗೆಯಲ್ಲಿ ತಗಡಿನ ಕೆಳಗೆ ಬೆವರು ಹನಿ ಬಟ್ಟೆಗೆ ಬೀಳಬಾರದೆಂದು ಹಣೆಗೆ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಫ್ಯಾನು ಹಚ್ಚುವಂತಿಲ್ಲ, ಬಟ್ಟೆ ಹಾರುತ್ತದೆ. ಇಷ್ಟೆಲ್ಲ ಮಾಡಿ ಕಳಿಸಿದ ಛತ್ರಿಗೆ ಆಯುಷ್ಯ ಎಷ್ಟು? ವಿಮಾನದಿಂದ ನೀರಿಗೆ ಮುಟ್ಟುವವರೆಗೆ. ನೀರು ಮುಟ್ಟಿದೊಡನೆ ಟಾರ್ಪಿಡೊ ಅದನ್ನು ಕಳಚಿ ತನ್ನ ಬೇಟೆಗೆ ಹೋಗುತ್ತದೆ. ಛತ್ರಿ ಅಲ್ಲೇ ಮುಳುಗುತ್ತದೆ.

ಟಾರ್ಪಿಡೊ ಕೊನೆಗೂ ಪಾಸಾಗಿ ನೌಕಾದಳಕ್ಕೆ ಸೇರಿದ ದಿನ ಗಂಗಾರಾಮ ಶೆಡ್ಡಿಗೆಲ್ಲ ಕುಂದಾ ಹಂಚಿದರು. ಸಿಹಿ ತಿಂದ ಕೈ ತೊಳೆಯುವಷ್ಟರಲ್ಲಿ ಕಹಿ ಬಂತು. ಈಗ ಬೇಕಾದದ್ದು ನಾಲ್ಕಲ್ಲ, ನೂರಾರು. ಚಹಾ ತರಿಸುವ ದೊಡ್ಡ ಫ್ಯಾಕ್ಟರಿಗೆ ಅದು ಹೋಯಿತು. ಕಷ್ಟಕಾಲದಲ್ಲಿ ಜೊತೆಗಿದ್ದ ಈ ಶೆಡ್ಡಿಗೆ ಉಳಿದದ್ದು ಸೇವೆಯ ಕೆಲಸ. ಮಡಚಿಟ್ಟ ಛತ್ರಿ ಹಾಗೇ ಬಹಳ ವರ್ಷ ಇರುವಂತಿಲ್ಲ. ಅವಧಿಗೊಮ್ಮೆ ಬಿಚ್ಚಿ, ಗಾಳಿಗೆ ಹಾಕಿ, ನೋಡಿ, ಹೊಸ ದಾರದಿಂದ ಮತ್ತೆ ಕಟ್ಟಬೇಕು. ಹದಿನೈದು ಜನ ಹೆಂಗಸರಿದ್ದ ಜಾಗದಲ್ಲಿ ಆರು ಜನ ಉಳಿದರು. ಅವರಲ್ಲಿ ಸಾಯೂ ದಾರ ಕಟ್ಟುವ ಕೈ ಒಂದೇ.

“ಬ್ಯಾರೆ ಕಡೆ ಹೋಗಂದ್ರ ಎಲ್ಲಿಗೆ ಹೋಗಲಿ?” ಸಾತವ್ವ ಕೇಳುತ್ತಾರೆ. “ಹೊಲಿಗಿ ಬಂದವರಿಗೆ ಜಂಪರ ಅದಾವು, ಲಂಗಾ ಅದಾವು. ನನ್ನ ಗಂಟ ಈ ಜಗತ್ತಿನ್ಯಾಗ ಇದೊಂದ ಚೀಲಕ್ಕ ಬಿಟ್ಟರ ಯಾರಿಗೂ ಬ್ಯಾಡ. ಯಾರ ಮನಿ ಬಾಗಲಿಗೆ ಹೋಗಿ, ನಾ ಹರಿಯೂ ಗಂಟ ಹಾಕತೇನ್ರಿ ಅನ್ನಲಿ?”

ಅನಸವ್ವ ಈ ಆರರಲ್ಲಿ ಹೊಸಬರು. ಹೋದ ದೀಪಾವಳಿಯ ಹೊತ್ತಿಗೆ ಅವರ ಮನೆಯ ಕೊನೆಯ ಮಗ್ಗವೂ ನಿಂತಿತು. ಗಂಡ ತೀರಿಹೋಗಿ ಬಹಳ ದಿನವಾಗಿದೆ. ಸಾತವ್ವನೇ ಗಂಗಾರಾಮರಿಗೆ ಹೇಳಿ ಕರೆತಂದರು. “ಕಂಡಕಿ ಸುತ್ತೂ ದಿನದಾಗ ನಾ ಹಸದ ಕುಂತಾಗ ಈಕಿ ತನ್ನ ರೊಟ್ಟಿ ಮುರದ ಕೊಟ್ಟಾಳ್ರಿ” ಎಂಬುದೊಂದೇ ಶಿಫಾರಸು. ದೊಡ್ಡ ಉಂಡೆಯ ದಾರವನ್ನು ಸಣ್ಣ ಸಣ್ಣ ರೀಲಿಗೆ ಸುತ್ತಿಕೊಡುವುದು ಅನಸವ್ವನ ಪಾಲಿನ ಕೆಲಸ. ದಾರ ಬಂದ ದಿನವೇ ಗಂಗಾರಾಮ ತುಂಡು ಕತ್ತರಿಸಿ ಎಳೆದು ನೋಡುತ್ತಾರೆ. ಸರಿಯಾದ ಭಾರಕ್ಕೆ ಹರಿದರೆ ಮಾತ್ರ ಉಂಡೆಗೆ ಹಸಿರು ಚೀಟಿ. ಅಲ್ಲಿಂದ ಅನಸವ್ವನ ಕೈಗೆ, ಅವರಿಂದ ಸಾತವ್ವನ ಕೈಗೆ. ಶೆಡ್ಡಿನ ಪದ್ಧತಿ ಇಷ್ಟೇ, ಈವರೆಗೆ ತಪ್ಪಿದ್ದಿಲ್ಲ.

ಮಧ್ಯಾಹ್ನ ಜೀಪು ಬರುತ್ತದೆ. ತಪಾಸಣೆಯ ಸಾಹೇಬರು ತುಮಕೂರು ಕಡೆಯವರು, ಮಾತು ಮೆದು. ಹೆಂಗಸರಿಗೆಲ್ಲ ನಮಸ್ಕಾರ ಹೇಳಿ, ಸಾಲಿನಿಂದ ಮೂರು ಚೀಲ ಆರಿಸುತ್ತಾರೆ. ಮೊದಲನೆಯದನ್ನು ಯಂತ್ರದ ಕೊಂಡಿಗೆ ಸಿಕ್ಕಿಸುತ್ತಾರೆ. ಹಿಡಿ ತಿರುಗಿಸಿದಂತೆ ಚೀಲದ ಬಾಯಿ ಎಳೆದುಕೊಳ್ಳುತ್ತದೆ, ಗಡಿಯಾರದಂಥ ಬಿಲ್ಲೆಯ ಮೇಲೆ ಮುಳ್ಳು ಏರುತ್ತದೆ. ಬಿಲ್ಲೆಯ ಮೇಲೆ ಎರಡು ಕೆಂಪು ಗೆರೆ. ಆ ಎರಡರ ನಡುವೆ ದಾರ ಹರಿಯಬೇಕು.

ಮುಳ್ಳು ಮೊದಲ ಗೆರೆ ದಾಟುತ್ತದೆ. ಸಾತವ್ವ ಕಿವಿ ಕೊಟ್ಟಿದ್ದಾರೆ. ‘ಟಕ್’ ಅನ್ನಬೇಕು ಈಗ. ಅನ್ನುವುದಿಲ್ಲ. ಮುಳ್ಳು ಎರಡನೆಯ ಗೆರೆಗೆ ಬರುತ್ತದೆ. ಅದನ್ನೂ ದಾಟುತ್ತದೆ. ಗಂಗಾರಾಮರ ಕೈ ತಾನಾಗಿ ಮೇಜಿನ ಅಂಚು ಹಿಡಿಯುತ್ತದೆ. ಮುಳ್ಳು ಇನ್ನೂ ಮುಂದೆ ಹೋಗಿ, ಆಮೇಲೆ ದಾರ ಹರಿಯುತ್ತದೆ.

“ಇನ್ನೊಂದು ನೋಡೋಣ” ಅನ್ನುತ್ತಾರೆ ಸಾಹೇಬರು.

ಎರಡನೆಯದೂ ಹಾಗೇ. ಮುಳ್ಳು ಎರಡನೆಯ ಗೆರೆ ದಾಟಿ ಏರುತ್ತಿದ್ದಂತೆ ಶೆಡ್ಡಿನಲ್ಲಿ ಒಂದೇ ಒಂದು ದನಿ ಕೇಳುತ್ತದೆ. ಅನಸವ್ವನದು, ಹಿಗ್ಗಿನ ದನಿ.

“ಹೆಂಗ ತಡೀತೈತಿ ನೋಡ್ರಿ ಸಾಹೇಬ್ರ! ಮೊದಲಿನಂಗ ಇದ್ದಿದ್ರ ಆಗಲೇ ಹರದ ಬೀಳತಿತ್ತ. ಆ ಉಂಡಿ ದಾರ ಭಾಳ ಸೊರಗಿತ್ತರೀ, ಮೈತುಂಬ ಜುಂಗ ಎದ್ದಿತ್ತ. ನಾನ ಮನಿಗೆ ಒಯ್ದು, ಗಂಜಿ ತಿನಿಸಿ, ನೆಳ್ಳಾಗ ಒಣಗಿಸಿ, ಮತ್ತ ಸುತ್ತಿ ತಂದೀನಿ. ಇವತ್ತ ನಮ್ಮ ಸಾತವ್ವನ ಹೆಸರ ಕೆಡಬಾರದಂತ.”

ಹರಿಯಲೆಂದೇ ಕಟ್ಟುವ ಗಂಟಿನ ಮಾತನ್ನು ಅನಸವ್ವ ಬೆಳಗ್ಗೆಯೂ ನಗೆಯಾಡಿಯೇ ಬಿಟ್ಟಿದ್ದರು. ಬನಹಟ್ಟಿಯಲ್ಲಿ ಹುಟ್ಟಿದ ಯಾರೇ ಆದರೂ ಮಾಡುವ ಕೆಲಸ ಅದು. ನೂಲು ದುರ್ಬಲ ಕಂಡರೆ ಗಂಜಿ ಹಚ್ಚುತ್ತಾರೆ, ಹಸಿದ ಕೂಸಿಗೆ ಅಂಬಲಿ ಕುಡಿಸಿದಷ್ಟೇ ಸಹಜವಾಗಿ. ಮಗ್ಗಕ್ಕೆ ಹೋಗುವ ಎಳೆಗೆ ಅದು ಬಲ ಕೊಡುತ್ತದೆ, ಹರಿಯದಂತೆ ಕಾಯುತ್ತದೆ. ಅನಸವ್ವನ ಕಣ್ಣು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಹೋಗುತ್ತದೆ. ಹಿಗ್ಗು ಇನ್ನೂ ಮುಖದ ಮೇಲೇ ಇದೆ, ಇಳಿಯಲು ದಾರಿ ಸಿಕ್ಕಿಲ್ಲ.

“ಅಮ್ಮಾ, ಏನು ಹಚ್ಚಿದಿರಿ ಅಂದ್ರಿ?” ಸಾಹೇಬರು ಇನ್ನೊಮ್ಮೆ ಕೇಳುತ್ತಾರೆ.

“ಗಂಜಿ ರೀ. ಮೈದಾದ್ದು. ಸ್ವಚ್ಛ ಮಾಡೀನಿ ರೀ, ಒಂದೂ ಗಂಟ ಇಲ್ಲದಂಗ.”

ಮೂರನೆಯ ಚೀಲವನ್ನು ಅವರು ಎಳೆಯುವುದೇ ಇಲ್ಲ. ಯಂತ್ರದ ಮೇಲೆ ಬಟ್ಟೆ ಮುಚ್ಚುತ್ತಾರೆ.

“ಸರ್, ಎಲ್ಲಾ ಬಿಚ್ಚತೇವ್ರಿ” ಗಂಗಾರಾಮರ ದನಿ ಹಡಗಿನ ದನಿಯಲ್ಲ ಈಗ. “ಹೊಸಾ ಉಂಡಿ ಐತಿ. ನಿಮ್ಮ ಕಣ್ಮುಂದ ಟೆಸ್ಟ್ ಮಾಡತೇನಿ. ಈಕಿ ರಾತ್ರಿ ಹಗಲ ಕಟ್ಟತಾಳ. ನಾಕ ದಿನಾ ಕೊಡ್ರಿ.”

“ಕಟ್ಟಬಹುದು ಗಂಗಾರಾಮ್ ಅವರೇ, ನಂಗೂ ಗೊತ್ತು.” ಸಾಹೇಬರು ಕನ್ನಡಕ ತೆಗೆದು ಒರೆಸುತ್ತಾರೆ. “ಆದ್ರೆ ಪರೀಕ್ಷೆ ಆದ ದಾರ ಶೆಡ್ಡಿನಿಂದ ಹೊರಗೆ ಹೋಗಿ ಬಂದಿದೆ, ನಿಮಗೇ ಗೊತ್ತಿಲ್ದೆ. ಮೇಲೆ ವಿಮಾನ ಓಡಿಸೋನು ನಿಮ್ಮ ಹಸಿರು ಚೀಟಿ ನಂಬ್ಕೊಂಡು ಗುಂಡಿ ಒತ್ತಬೇಕು. ಇನ್ನು ನಾನು ಯಾವ ಚೀಟಿ ನಂಬ್ಲಿ, ನೀವೇ ಹೇಳಿ.”

ಗಂಗಾರಾಮ ಮೇಜಿನ ಅಂಚು ಬಿಟ್ಟು ಹಿಂದೆ ಸರಿಯುತ್ತಾರೆ. ಇಪ್ಪತ್ತು ವರ್ಷ ನೌಕಾದಳದಲ್ಲಿ ಇದ್ದವರು. ಆ ಜಾಗದಲ್ಲಿ ತಾವಿದ್ದರೂ ಅದನ್ನೇ ಅನ್ನುತ್ತಿದ್ದರು. ಸಾಹೇಬರು ಕಾಮಣ್ಣನ ಅಂಗಡಿಯಿಂದ ಬಂದ ಚಹಾ ಕುಡಿದು, ಹೆಂಗಸರ ಕಡೆ ನೋಡದೆ ನಮಸ್ಕಾರ ಹೇಳಿ ಜೀಪು ಹತ್ತುತ್ತಾರೆ.

ಅನಸವ್ವನಿಗೆ ಸಂಗತಿ ತಿಳಿಯಲು ತುಸು ಹೊತ್ತು ಹಿಡಿಯುತ್ತದೆ. ತಿಳಿದ ಮೇಲೆ ನೆಲಕ್ಕೆ ಕೂತವರು ಏಳುವುದಿಲ್ಲ. “ಬಲಾ ಬರಲಂತ ಮಾಡಿದೆ ಬೇ ಯವ್ವಾ” ಅನ್ನುವುದೊಂದೇ ಮಾತು. ಉಳಿದ ಹೆಂಗಸರಲ್ಲಿ ಒಬ್ಬಾಕೆ ಸಿಟ್ಟಿನಿಂದ ಏನೋ ಅನ್ನಲು ಬಾಯಿ ತೆರೆದರೆ, ಸಾತವ್ವ ಕೈಯೆತ್ತಿ ತಡೆಯುತ್ತಾರೆ. ಆಮೇಲೆ ಎಳೆಯದೇ ಉಳಿದ ಮೂರನೆಯ ಚೀಲದ ಹತ್ತಿರ ಹೋಗಿ, ಗಂಟಿನ ತುದಿಯನ್ನು ಬೆರಳಲ್ಲಿ ಉಜ್ಜುತ್ತಾರೆ. ಅದೇ ಬಿರುಸು. ಬೆರಳು ಕೆಟ್ಟಿರಲಿಲ್ಲ. ಬೆಳಗ್ಗೆ ಅದು ಖರೇನೇ ಹೇಳಿತ್ತು. ಬೆರಳು ಕೆಟ್ಟಿವೆ ಅಂತ ಯಾರಾದರೂ ಅಂದಾರೆಂಬ ಅಂಜಿಕೆಯಿಂದ ಬಾಯಿ ಮುಚ್ಚಿದ್ದು ಅವರೇ.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಛತ್ರಿಗಳನ್ನು ಪೆಟ್ಟಿಗೆಗೆ ತುಂಬಿ ಲಾರಿ ಒಯ್ದಿತು, ಅದೇ ದೊಡ್ಡ ಫ್ಯಾಕ್ಟರಿಗೆ. ಅಲ್ಲಿ ಸಾಯೂ ದಾರವನ್ನು ಯಂತ್ರವೇ ಕಟ್ಟುತ್ತದಂತೆ. ಗಂಗಾರಾಮ ಹೆಂಗಸರನ್ನು ಒಬ್ಬೊಬ್ಬರನ್ನೇ ಕರೆದು ಮಾತಾಡಿದರು, ಬೈಯಲಿಲ್ಲ. ಬೈದಿದ್ದರೆ ಛಲೋ ಇತ್ತು ಅನ್ನುತ್ತಾರೆ ಎಲ್ಲರೂ. ಮನೆಯಿಂದ ಹೊರಗೆ ಬರುವುದನ್ನು ಅವರು ಬಿಟ್ಟಿದ್ದಾರೆ. ಕೇಳಿದರೆ, “ಹಡಗ ಮುಳಗಿದ ಮ್ಯಾಲ ಕ್ಯಾಪ್ಟನ್ ಪ್ಯಾಟಿ ತಿರಗತಾನೇನ್ರಿ?” ಅಂತ ನಗಲು ನೋಡುತ್ತಾರೆ. ನಗೆ ಮೀಸೆಯ ತನಕ ಬರುವುದಿಲ್ಲ.

ಬಾಗಿಲು ಹಾಕಿದ ಮೇಲೊಂದು ಮುಂಜಾನೆ ಸಾತವ್ವ ಎಂದಿನ ಹೊತ್ತಿಗೇ ಎದ್ದು, ರೊಟ್ಟಿ ಕಟ್ಟಿಕೊಂಡು, ಶೆಡ್ಡಿನ ಓಣಿಗೆ ಬಂದುಬಿಟ್ಟಿದ್ದಾರೆ. ರೂಢಿ ಕಾಲಿನದು. ಬಂದು ನೋಡಿದರೆ ಕಟ್ಟೆಯ ಮೇಲೆ ಅನಸವ್ವ ಮೊದಲೇ ಕೂತಿದ್ದಾರೆ. ಸಾತವ್ವ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ.

“ನನ್ನ ಬೈ ಬೇ ಒಮ್ಮೆ” ಅನಸವ್ವ ನೆಲ ನೋಡುತ್ತ ಅನ್ನುತ್ತಾರೆ. “ಚಪ್ಪಲಿ ತಗೊಂಡ ಹೊಡಿ ಬೇಕಾದ್ರ. ನೀ ಸುಮ್ಮ ಇದ್ದರ ನನಗ ಅನ್ನ ಇಳಿಯೂದಿಲ್ಲ.”

“ಏನಂತ ಬೈಲಿ? ಗಂಜಿ ಹಚ್ಚಿದಾಕಿ ನೀ. ಬಿರುಸ ಗೊತ್ತಾದರೂ ಬಾಯಿ ಮುಚಗೊಂಡ ಕಟ್ಟಿದಾಕಿ ನಾ. ಬೈಯಾಕ ಮೂರನೇದವರನ್ನ ಎಲ್ಲಿಂದ ತರೂದು?”

“ಇನ್ನೇನ ಮಾಡತಿ?”

“ಕಂಡಕಿ. ಸೋಮವಾರದಿಂದ ಬಾ ಅಂದಾರ, ಮ್ಯಾಲಿನ ಓಣ್ಯಾಗ.” ಸಾತವ್ವ ರೊಟ್ಟಿ ಮುರಿಯುತ್ತಾರೆ. “ನಿನಗೂ ಕೇಳೀನಿ. ವಯಸ್ಸಾದವರ ಬ್ಯಾಡ ಅಂದ್ರು.”

ಅನಸವ್ವ ಹೂಂ ಅನ್ನುತ್ತಾರೆ. ರೊಟ್ಟಿಯ ಚೂರು ಕೈಯಲ್ಲೇ ಇದೆ.

ಅಷ್ಟರಲ್ಲಿ ಒಂದು ಟೆಂಪೊ ಹಿಮ್ಮುಖವಾಗಿ ಬಂದು ಶೆಡ್ಡಿನ ಬಾಗಿಲಿಗೆ ನಿಲ್ಲುತ್ತದೆ. ನೂಲಿನ ವ್ಯಾಪಾರಿಯೊಬ್ಬರು ಶೆಡ್ಡನ್ನು ಗೋದಾಮಿಗೆ ಹಿಡಿದಿದ್ದಾರೆ. ಹಮಾಲ ಕೆಳಗಿಳಿದು, “ಒಂದೀಟ ಸರೀರಿ ಬೇ” ಅನ್ನುತ್ತ ಮೂಟೆಗಳ ಮೇಲಿನ ತಾಡಪತ್ರಿ ಕಿತ್ತು ಕಟ್ಟೆಯ ಕಡೆ ಎಸೆಯುತ್ತಾನೆ. ಅದು ಸಾತವ್ವನ ಕಾಲ ಬುಡದಲ್ಲಿ ಮುದ್ದೆಯಾಗಿ ಬೀಳುತ್ತದೆ. ಸಾತವ್ವ ಎದ್ದು, ಒಂದು ಅಂಚು ಹಿಡಿದು ಕೊಡವುತ್ತಾರೆ. ಅನಸವ್ವ ಕೇಳದೆಯೇ ಇನ್ನೊಂದು ಅಂಚು ಹಿಡಿಯುತ್ತಾರೆ. ಅಂಚಿಗೆ ಅಂಚು ಕೂಡುತ್ತದೆ, ಮಡಿಕೆಯ ಮೇಲೆ ಮಡಿಕೆ ಬೀಳುತ್ತದೆ. ನಡುವೆ ಒಂದು ಸುಕ್ಕು ಕಂಡು ಸಾತವ್ವ ಅದನ್ನು ಪೂರ್ತಿ ಬಿಚ್ಚಿ ಮೊದಲಿನಿಂದ ಮಡಚುತ್ತಾರೆ. ಕೊನೆಗೆ ಗಾಳಿ ಉಳಿಯದಂತೆ ಮೊಣಕೈಯಿಂದ ಒತ್ತಿ, ಚೌಕಾಗಿ ಕಟ್ಟೆಯ ಮೇಲೆ ಇಡುತ್ತಾರೆ.

ಮೂಟೆ ಇಳಿಸಿ ಮುಗಿಸಿದ ಹಮಾಲ ಬಂದು, ಅದನ್ನು ಒಂದು ಮೂಲೆಯಿಂದ ಹಿಡಿದೆತ್ತುತ್ತಾನೆ. ಮಡಿಕೆ ಬಿಚ್ಚಿ ತಾಡಪತ್ರಿ ನೆಲಕ್ಕೆ ಎಳೆಯುತ್ತ ಹೋಗುತ್ತದೆ. ಟೆಂಪೊದ ಹಿಂಬಾಗಿಲು ಹಾಕುವ ಮೊದಲು ಅವನು ಅದನ್ನು ಕಾಲಿನಿಂದ ಒಳಗೆ ತುರುಕುತ್ತಾನೆ. ಟೆಂಪೊ ಹೊರಡುತ್ತದೆ.